ಮಿಂಚುಳ್ಳಿಯ ಖಂಡೇಪೂಜೆ

ಮಂಜು ಎಷ್ಟು ದಟ್ಟವಾಗಿತ್ತೆಂದರೆ ನದಿ ಇರಬೇಕಾದ ಜಾಗದಲ್ಲಿ ನದಿಯ ಸದ್ದು ಮಾತ್ರ ಇತ್ತು. ಸೈಕಲ್ ತುಳಿಯುತ್ತಿದ್ದ ಮಹೇಶಕುಮಾರನಿಗೆ ತಾನು ಮುಂದೆ ಹೋಗುತ್ತಿದ್ದೇನೋ, ತಾನು ನಿಂತಲ್ಲೇ ಇದ್ದು ರೈನ್ ದಂಡೆಯೇ ಹಿಂದಕ್ಕೆ ಸರಿಯುತ್ತಿದೆಯೋ ಸರಿಯಾಗಿ ತಿಳಿಯಲಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ಗೋದಾಮು ಮುಟ್ಟಬೇಕಿತ್ತು. ಆದರೆ ಏಳುವುದೇ ತಡವಾಯಿತು. ಬೆಳಗಿನ ಕನಸಿನಲ್ಲಿ ಅಪ್ಪ ಕಬ್ಬಿಣದ ದೋಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಬಂದೂಕುಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಿಂದ ಒರೆಸಿ ನೀರಿಗೆ ಬಿಡುತ್ತಿದ್ದ, ಅವು ಮುಳುಗದೆ ಬಾಳೆದಿಂಡಿನ ಹಾಗೆ ತೇಲಿ ಹೋಗುತ್ತಿದ್ದವು, ಅದನ್ನು ಅರ್ಧಕ್ಕೆ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಎದ್ದ ಮೇಲೆ ಹೆಂಡತಿ ಕೀರ್ತಿ ಚಹಾ ಕುಡಿಸದೆ ಬಿಡಲಿಲ್ಲ. ಜೂನ್‌ನಲ್ಲಿ ಧಾರವಾಡದಿಂದ ಬಂದವಳು, ಈಗ ಐದು ತಿಂಗಳ ಬಸುರಿ, ಮಾತಾಡಲು ಜರ್ಮನಿಯ ಈ ಬಾನ್ ಊರಿನಲ್ಲೆಲ್ಲ ಇವನೊಬ್ಬನೇ ಸಿಕ್ಕಿದ್ದಕ್ಕೆ ಎಲ್ಲ ಮಾತನ್ನೂ ಇವನ ಮೇಲೆಯೇ ಹೇರುತ್ತಿದ್ದಳು. ನಿನ್ನೆ ಇವನು ಕುಂಬಳಕಾಯಿ ಚೀಲಕ್ಕೆ ಹಾಕಿಕೊಳ್ಳುವಾಗ ಬಾಗಿಲಿಗೆ ಆತು ನಿಂತು, "ಕಂಪ್ಯೂಟರಿಗೆ ಕುಂಕುಮಾ ಹಚ್ಚಿದ್ರಿ, ಸೈಕಲ್ಲಿಗೆ ಹಚ್ಚಿದ್ರಿ, ಇನ್ನ ಅವರ ಫಿರಂಗಿಗೂ ಹಚ್ಚಾವ್ರು ಏನ್ರಿ? ಕೇಳೀರಿಲ್ಲೋ ಅವರನ್ನ?" ಎಂದಿದ್ದಳು. ಕೇಳಿರಲಿಲ್ಲ. ಕೇಳುವಂಥದ್ದು ಎಂದು ಅನ್ನಿಸಿಯೂ ಇರಲಿಲ್ಲ. ಸುತ್ತಿಗೆಗೆ, ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚುವಾಗ ಯಾರು ಯಾರನ್ನು ಕೇಳುತ್ತಾರೆ. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಟ್ಟದ್ದನ್ನು ಆ ದಿನ ಮತ್ತೆ ಮುಟ್ಟುವಂತಿಲ್ಲ. ಮರುದಿನ, ಬನ್ನಿಯ ದಿನ, ಇನ್ನೊಮ್ಮೆ ಕೈಮುಗಿದು ತೆಗೆಯಬೇಕು. ಅದಕ್ಕೇ ಎಲ್ಲವನ್ನೂ ಹಾಗೆಯೇ ಬಿಟ್ಟು ಬಂದಿದ್ದ. ಬೆಳಿಗ್ಗೆ ಬೇಗ ಹೋಗಿ ತೆಗೆದರಾಯಿತು ಎಂದುಕೊಂಡಿದ್ದ.

ಗ್ರೀನ್ ಕಾರ್ಡ್ ಸಿಕ್ಕಿತೆಂದು ಊರಲ್ಲಿ ಹೇಳಿದಾಗ ಎಲ್ಲರೂ ಅಮೆರಿಕ ಎಂದುಕೊಂಡಿದ್ದರು. ಅಲ್ಲ, ಜರ್ಮನಿಯವರೂ ಈಗ ಒಂದು ಕೊಡುತ್ತಿದ್ದಾರೆ, ಕಂಪ್ಯೂಟರಿನವರಿಗೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಕೇಳಿದವರ ಉತ್ಸಾಹ ಇಳಿದಿರುತ್ತಿತ್ತು. ಆ ಕಾರ್ಡು ಕಂಪನಿಯ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಇಲ್ಲಿರುವ ಹಕ್ಕೂ ಹೋದಂತೆ. ಬೇಸಿಗೆಯಿಂದ ಕಂಪನಿಗೆ ಕೆಲಸಗಳೇ ಬರುತ್ತಿರಲಿಲ್ಲ, ಜೊತೆಗೆ ಬಂದ ಹುಡುಗರು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿದರು. ಇವನನ್ನು ಉಳಿಸಿದ್ದು ನದಿ ದಂಡೆಯ ಈ ಹಳೆಯ ಗೋದಾಮು, ಅದರೊಳಗಿನ ಮಿಂಚುಳ್ಳಿ. ನೂರಾರು ವರ್ಷದ ಹಿಂದಿನ ಮಾತಿನಂತೆ ಕೇಳಿಸುವ, ಫ್ರಾನ್ಸಿನ ಜೊತೆಗಿನ ಒಂದು ಯುದ್ಧದಲ್ಲಿ ರೈನ್ ನದಿಯಲ್ಲಿ ಕಾವಲಿಗಿಟ್ಟಿದ್ದ ಫಿರಂಗಿ ದೋಣಿ ಅದು. ಮೈಗೆಲ್ಲ ಕಬ್ಬಿಣದ ಹಾಳೆ, ಮೂತಿಯ ಮೇಲೆ ಒಂದೇ ಒಂದು ಫಿರಂಗಿ. ಹೆಸರು ಐಸ್‌ಫೋಗೆಲ್. ನಿಘಂಟು ತೆರೆದು ನೋಡಿ ಅದು ಮಿಂಚುಳ್ಳಿ ಎಂದು ತಿಳಿದ ದಿನದಿಂದ ಅವನಿಗೆ ಅದರ ಮೇಲೆ ಸಲಿಗೆ ಹುಟ್ಟಿತ್ತು. ಹೂಳಿನಿಂದ ಎತ್ತಿದ ಅದರ ಮುಂದಿನ ಅರ್ಧವನ್ನು ಗೋದಾಮಿನಲ್ಲಿ ನಿಲ್ಲಿಸಿ ಸಣ್ಣದೊಂದು ಸಂಗ್ರಹಾಲಯ ಮಾಡುತ್ತಿದ್ದರು. ಪಕ್ಕದಲ್ಲಿಡುವ ಪರದೆಯ ಪ್ರೋಗ್ರಾಮ್ ಬರೆಯುವುದು ಇವನ ಕೆಲಸ. ಬೆರಳಿಟ್ಟರೆ ಪರದೆಯ ಮೇಲಿನ ನದಿಯಲ್ಲಿ ದೋಣಿ ಹೊರಡುತ್ತದೆ. ಕಲ್ಲಿದ್ದಲು ತುಂಬಿಕೊಳ್ಳುತ್ತದೆ, ದಂಡಿನ ಸಾಮಾನು ದಾಟಿಸುವ ಕಡವಿನ ಹತ್ತಿರ ಲಂಗರು ಹಾಕುತ್ತದೆ, ಮಂಜು ಬೀಳುತ್ತದೆ, ಖಲಾಸಿಗಳಿಗೆ ಬೇಧಿ ಆಗುತ್ತದೆ, ನದಿಯ ಅಂಚು ಹೆಪ್ಪುಗಟ್ಟುತ್ತದೆ, ಯುದ್ಧ ಮುಗಿಯುತ್ತದೆ. ಕೊನೆಗೆ ಕೆಳಗಿನ ಮೂಲೆಯಲ್ಲಿ, ಹಾರಿಸಿದ ಗುಂಡು: ಸೊನ್ನೆ. ಆ ಸೊನ್ನೆಯನ್ನು ಅವನು ಬಹಳ ಪ್ರೀತಿಯಿಂದ ಬರೆದಿದ್ದ, ಅದರ ದುಂಡು ಸರಿಬರುವ ತನಕ ಅಕ್ಷರದ ಗಾತ್ರ ಬದಲಿಸಿದ್ದ. ಯುದ್ಧಕ್ಕೆ ಹೋಗಿ ಯಾರನ್ನೂ ಕೊಲ್ಲದೆ ಬಂದ ಆಯುಧ. ಅಪ್ಪ ಇದ್ದಿದ್ದರೆ ಇದನ್ನು ತೋರಿಸಬೇಕಿತ್ತು ಎಂದು ಅನ್ನಿಸುತ್ತಿತ್ತು, ಇಷ್ಟು ವರ್ಷ ಅಪ್ಪನಿಗೆ ಏನನ್ನೂ ತೋರಿಸಬೇಕೆಂದು ಅನ್ನಿಸಿರಲಿಲ್ಲ.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಗೋದಾಮಿನ ಎತ್ತರದ ಕಿಟಕಿಗಳಿಂದ ಇನ್ನೂ ಬೆಳಕು ಬರುತ್ತಿತ್ತು. ಒದ್ದೆ ಬಟ್ಟೆಯಿಂದ ಫಿರಂಗಿ ಒರೆಸಿ, ಕೈಯೊಳಗೆ ವಿಭೂತಿ ನೀರಲ್ಲಿ ನಾದಿ ಮೂರು ಬೆರಳಿನಿಂದ ಎಳೆದ. ಚಿಕ್ಕಂದಿನಲ್ಲಿ ಕ್ರಿಕೆಟ್ ಚೆಂಡು ತಗಲಿ ಅವನ ನಡುಬೆರಳು ಸೊಟ್ಟಗಾಗಿತ್ತು, ಹಣೆಯ ಮೇಲೂ ಅವನ ನಡುವಿನ ಗೆರೆ ಕೊನೆಯಲ್ಲಿ ಮೇಲಕ್ಕೆ ಹೊರಳುತ್ತಿತ್ತು, ಫಿರಂಗಿಯ ಮೇಲೂ ಹೊರಳಿತು. ಕುಂಕುಮ ಹಚ್ಚಿದ. ಪಾರ್ಕಿನ ಅಂಚಿನಲ್ಲಿ ಬೆಳೆದ ಚೆಂಡು ಹೂ ಎರಡು ಕಿತ್ತು ತಂದಿದ್ದ, ಎಲ್ಲಿ ಇಟ್ಟರೂ ಜಾರುತ್ತಿದ್ದುದರಿಂದ ಫಿರಂಗಿಯ ಬಾಯಲ್ಲಿ ಸಿಕ್ಕಿಸಿದ. ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಂಡೀತೆಂದು ಊದಿನಕಡ್ಡಿ ಹಚ್ಚಲಿಲ್ಲ. ನಿಂಬೆಹಣ್ಣು ಕೊಯ್ದು ಕುಂಕುಮ ತುಂಬಿ ಎರಡೂ ಬದಿಗೆ ಹಿಂಡಿದ. ಕುಂಬಳಕಾಯಿಯ ತಲೆ ಕೊರೆದು ಕುಂಕುಮ ಸುರಿದು ನೆಲಕ್ಕೆ ಅಪ್ಪಳಿಸಿದ, ಆ ಸದ್ದು ಕಬ್ಬಿಣದೊಳಗೆ ಹೊಕ್ಕು ತಿರುಗಿ ಬಂದಾಗ ಮೈ ಜುಂ ಎಂದಿತು. ಆಮೇಲೆ ಬಹಳ ಹೊತ್ತು ಕೂತಿದ್ದ. ಇಲ್ಲಿಗೆ ಬಂದಾಗಿನಿಂದ ಅಷ್ಟು ನಿರಾಳವಾಗಿ ಎಲ್ಲಿಯೂ ಕೂತಿರಲಿಲ್ಲ.

ಇವತ್ತು ಅವನು ಮುಟ್ಟುವಷ್ಟರಲ್ಲಿ ಗೋದಾಮಿನ ಬಾಗಿಲು ತೆರೆದೇ ಇತ್ತು. ಒಳಗೆ ಡಾಕ್ಟರ್ ಲೆಂಬಾಖ್ ಕೋಟು ಕೂಡ ತೆಗೆಯದೆ ಫಿರಂಗಿಯ ಮುಂದೆ ನಿಂತಿದ್ದರು. ಅವರು ಇಲ್ಲಿಯ ನಿರ್ದೇಶಕರು, ಯಾವಾಗಲೂ ಒಂದು ಸಣ್ಣ ಸಭೆಗೆ ಉಪನ್ಯಾಸ ಕೊಡುವಂತೆ ಮಾತಾಡುವವರು. ಎರಡು ಹೆಜ್ಜೆ ಹಿಂದೆ ಗುಡ್ರುನ್. ಎರಡು ಬೇಸಿಗೆ ಕೂತು ಹಲ್ಲುಜ್ಜುವ ಬ್ರಶ್ಶಿನಂಥದ್ದರಿಂದ ಇಡೀ ಫಿರಂಗಿಯ ತುಕ್ಕು ಬಿಡಿಸಿದವಳು ಅವಳು. ಕತ್ತರಿಸಿದ ನರೆಗೂದಲು, ಕಬ್ಬಿಣದ ವಾಸನೆಯ ಕೈ, ಇವನ ಜರ್ಮನ್ ತಪ್ಪಿದಾಗ ತಿದ್ದುವುದು ತಿಳಿಯದ ಹಾಗೆ ತಿದ್ದುವ ದನಿ. ಕುಂಕುಮ ರಾತ್ರಿಯೆಲ್ಲ ನಿಂಬೆರಸದಲ್ಲಿ ಕರಗಿ ಕೆಳಗೆ ಇಳಿದಿತ್ತು. ನಿನ್ನೆ ಬೊಟ್ಟಿನಂತೆ ಇದ್ದದ್ದು ಇವತ್ತು ಗಾಯದಂತೆ ಕಾಣುತ್ತಿತ್ತು. ಮಹೇಶಕುಮಾರ ಬಾಯಿ ತೆರೆಯುವುದರೊಳಗೆ ಲೆಂಬಾಖ್ ಮಾತು ಶುರುಮಾಡಿಬಿಟ್ಟರು. ಕೆಂಪು ಎಂದರೆ ರಕ್ತ, ಅದು ಸ್ಪಷ್ಟ. ಫಿರಂಗಿಯ ಬಾಯಲ್ಲಿ ಹೂ ಎಂದರೆ ಶಾಂತಿ, ಅದೂ ಹಳೆಯದೇ. ಬೂದಿಯ ಮೂರು ಗೆರೆ ಎಂದರೆ ಸುಟ್ಟ ಊರುಗಳು. ಒಡೆದ ಕುಂಬಳಕಾಯಿ ಒಡೆದ ತಲೆ. ಅಫ್ಘಾನಿಸ್ತಾನದ ಮೇಲೆ ಬಾಂಬು ಬೀಳುತ್ತಿರುವ ತಿಂಗಳಲ್ಲಿ ಇದನ್ನು ಓದಲು ಯಾರಿಗೂ ಕಷ್ಟವಿಲ್ಲ. ಕೆಟ್ಟ ಕೆಲಸ, ಆದರೆ ಯೋಚಿಸಿ ಮಾಡಿದ ಕೆಲಸ ಎಂದು ಅವರು ಅರ್ಧ ಮೆಚ್ಚಿಕೆಯಿಂದಲೇ ಹೇಳಿದರು. ಬಾಗಿಲಿನ ಬೀಗ ಮುರಿದಿಲ್ಲ, ಕೀಲಿ ಇರುವುದು ಮೂವರ ಬಳಿ. ಅಷ್ಟು ಹೇಳಿ ಅವರು ಇವನ ಕಡೆ ತಿರುಗಿದಾಗ ಮಹೇಶಕುಮಾರ ಒಂದು ಹೆಜ್ಜೆ ಹಿಂದೆ ಸರಿದ. ಅವರು ಅವನ ಭುಜ ತಟ್ಟಿ, ಹೆರ್ ಕುಮಾರ್, ನೀವು ಗಾಬರಿಯಾಗಬೇಡಿ, ಇದು ನಮ್ಮ ನಮ್ಮೊಳಗಿನ ಜಗಳ, ನಿಮಗೆ ಸಂಬಂಧವಿಲ್ಲ ಎಂದರು. ಆಮೇಲೆ ಗುಡ್ರುನ್ ಕಡೆ ನೋಡಿದರು. ಹೋದ ಶನಿವಾರ ಅವಳು ಯುದ್ಧದ ವಿರುದ್ಧದ ಮೆರವಣಿಗೆಯಲ್ಲಿ ಘೋಷಣೆ ಬರೆದ ಹಲಗೆ ಹಿಡಿದು ನಡೆದದ್ದನ್ನು ಅವರು ಟ್ರಾಮಿನಿಂದ ನೋಡಿದ್ದರು.

ಗುಡ್ರುನ್ ಫಿರಂಗಿಯನ್ನೇ ನೋಡಿದಳು, ಯಾರದೋ ಮುಖವನ್ನು ಗುರುತು ಹಿಡಿಯಲು ನೋಡುವಂತೆ. ನಂತರ, "ಹೌದು. ನಾನೇ," ಎಂದಳು. ಮಹೇಶಕುಮಾರನಿಗೆ ಮೊದಲು ಆ ಪದ ಅರ್ಥವಾಗಲೇ ಇಲ್ಲ. ಅರ್ಥವಾದ ಮೇಲೆ ತನ್ನೊಳಗೆ ಎದ್ದದ್ದು ನೆಮ್ಮದಿ ಎಂದು ಗೊತ್ತಾಗಿ ಹೇಸಿಗೆಯಾಯಿತು. ಈಗ ಹೇಳಬೇಕು, ಈಗ, ಎಂದು ನಾಲಗೆ ಒಳಗೇ ಎರಡು ಸಲ ಹೊರಳಿತು. ಲೆಂಬಾಖ್ ಇನ್ನೇನೂ ಕೇಳದೆ ತಿಂಗಳ ಕೊನೆಗೆ ಅವಳು ಬಿಡಬಹುದು, ಪೊಲೀಸರ ತನಕ ಒಯ್ಯುವುದಿಲ್ಲ, ಅಲ್ಲಿಯ ತನಕ ಯಾರೂ ಫಿರಂಗಿ ಮುಟ್ಟಬಾರದು, ಫೋಟೋ ತೆಗೆಸಬೇಕು ಎಂದು ಹೇಳಿ ಮೇಲಿನ ಕೋಣೆಗೆ ಹೋದರು. ಗುಡ್ರುನ್ ತನ್ನ ಬ್ರಶ್ಶುಗಳನ್ನು ಒರೆಸಿ ಚೀಲಕ್ಕೆ ಹಾಕತೊಡಗಿದಳು. ಇವನು ತನ್ನ ಮೇಜಿಗೆ ಹೋಗಿ ಮನೆಯಿಂದ ತಂದ ಮಡಚುವ ಕಂಪ್ಯೂಟರನ್ನು ಚೀಲದಿಂದ ತೆಗೆದು ಹಚ್ಚಿದ. ಅದರ ಅಂಚಿನಲ್ಲಿ ಮನೆಯಲ್ಲಿ ಹಚ್ಚಿದ ಕುಂಕುಮದ ಬೊಟ್ಟು ಹಾಗೇ ಇತ್ತು, ಯಾರ ಕಣ್ಣಿಗೂ ಬೀಳುವಂತೆ, ಆದರೆ ಯಾರೂ ನೋಡಲಿಲ್ಲ.

ಬೆಳಗಿನ ಹೊತ್ತೆಲ್ಲ ಪರದೆಯ ಮೇಲಿನ ದೋಣಿಯನ್ನು ಅವನು ಮೇಲಕ್ಕೂ ಕೆಳಕ್ಕೂ ನಡೆಸಿದ. ಅಮೆರಿಕದಲ್ಲಿ ಆ ಗೋಪುರಗಳು ಉರುಳಿದ ಸೆಪ್ಟೆಂಬರಿನಲ್ಲಿ ಟ್ರಾಮಿನಲ್ಲಿ ಪಕ್ಕದ ಹೆಂಗಸು ಇವನ ಮೀಸೆ, ಮಡಿಲ ಮೇಲಿನ ಚೀಲ ನೋಡಿ ಮುಂದಿನ ನಿಲ್ದಾಣದಲ್ಲೇ ಎದ್ದು ಬೇರೆ ಡಬ್ಬಿಗೆ ಹೋಗಿದ್ದಳು. ಅವತ್ತು ಸಂಜೆಯೇ ಮೀಸೆ ಬೋಳಿಸಿದ್ದ. ಕನ್ನಡಿಯಲ್ಲಿ ಕಂಡ ಮುಖ ಅಪ್ಪನದಾಗಲೀ ಅಣ್ಣನದಾಗಲೀ ಆಗಿರದೆ ಯಾರದೋ ಮದುವೆ ಫೋಟೋದ ಮೂಲೆಯಲ್ಲಿ ನಿಂತವನ ಮುಖದಂತೆ ಇತ್ತು. ಮಾಡದ ತಪ್ಪಿಗೆ ಅನುಮಾನ ಪಡುವ ಊರು ಮಾಡಿದ್ದಕ್ಕೆ ಅನುಮಾನವನ್ನೂ ಪಡುತ್ತಿಲ್ಲ. ನಿಮಗೆ ಸಂಬಂಧವಿಲ್ಲ. ಭುಜ ತಟ್ಟಿದ ಜಾಗ ಇನ್ನೂ ಬೆಚ್ಚಗಿದ್ದಂತೆ ಅನ್ನಿಸಿ ಅಂಗಿ ಜಾಡಿಸಿಕೊಂಡ. ತಾನು ಹೋಗಿ ಹೇಳಿದರೆ ಕಂಪನಿಗೆ ಫೋನು ಹೋಗುತ್ತದೆ. ಕಂಪನಿಗೆ ಒಬ್ಬನನ್ನು ಕಡಿಮೆ ಮಾಡಲು ನೆಪ ಬೇಕಾಗಿದೆ. ಕೀರ್ತಿ ಕೂಸು ಎಂದಕೂಡಲೇ ಇಲ್ಲಿಯ ಆಸ್ಪತ್ರೆಯ ಬಿಳಿ ಕೋಣೆ, ಅಲ್ಲಿ ಕಾಲು ಒತ್ತುವ ದಾದಿ ಎಂದು ಏನೇನೋ ಹೇಳುತ್ತಿರುತ್ತಾಳೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಗುಡ್ರುನ್ ತಾನಾಗಿಯೇ ಒಪ್ಪಿಕೊಂಡಿದ್ದಾಳಲ್ಲ. ಯಾಕೆ ಒಪ್ಪಿಕೊಂಡಳು? ಇವನನ್ನು ಉಳಿಸಲು ಎಂದರೆ ಇವನು ಮಾಡಿದ್ದೆಂದು ಅವಳಿಗೆ ಗೊತ್ತಿರಬೇಕಲ್ಲ. ಪರದೆಯ ಮೇಲೆ ದೋಣಿ ಮತ್ತೆ ಕಡವಿಗೆ ಬಂದು ನಿಂತಿತು, ಮಂಜು ಬಿದ್ದಿತು, ಮೂಲೆಯಲ್ಲಿ ಸೊನ್ನೆ ಮೂಡಿತು.

ಮಧ್ಯಾಹ್ನ ಅವಳು ನದಿಯ ಮೆಟ್ಟಿಲ ಮೇಲೆ ಕೂತು ಸೇಬು ಹೆಚ್ಚುತ್ತಿದ್ದಳು. ಮಂಜು ಇನ್ನೂ ಇತ್ತು, ಆದರೆ ತೆಳ್ಳಗಾಗಿ ಅದರೊಳಗೆ ಒಂದು ದೊಡ್ಡ ಸರಕು ಹಡಗು ಸದ್ದಿಲ್ಲದೆ ಹೋಗುತ್ತಿರುವುದು ಕಂಡಿತು, ಹೋಗುತ್ತಿರುವುದು ಹಡಗೋ ದಂಡೆಯೋ ಎಂದು ಮತ್ತೆ ಹಾಗೇ ಅನ್ನಿಸಿತು. ಅವಳು ಎಂದಿನಂತೆ ಅರ್ಧ ಸೇಬು ಕೊಟ್ಟಳು. ಅದನ್ನು ತಿನ್ನಲಾರದೆ ಕೈಯಲ್ಲಿ ಹಿಡಿದು, ನೀವು ಮಾಡದ್ದನ್ನು ಮಾಡಿದೆನೆಂದು ಯಾಕೆ ಹೇಳಿದಿರಿ ಎಂದು ಕೇಳಿದ. ಅವಳು ಇವನನ್ನು ನೋಡಿದಳು. ನಾನು ಮಾಡಿಲ್ಲವೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳಂತೆ ಹೇಳತೊಡಗಿದಳು. ಅವಳ ಹಳ್ಳಿ ಇಲ್ಲಿಂದ ನದಿ ಹರಿಯುವ ದಿಕ್ಕಿನಲ್ಲಿ, ಆ ಹಳೆಯ ಕಡವಿನ ತಿರುವು ದಾಟಿದರೆ ಸಿಗುತ್ತದೆ. ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಅದು. ಆ ಯುದ್ಧದ ವರ್ಷದ ಇಂಥದ್ದೇ ಒಂದು ಮಂಜಿನ ಬೆಳಿಗ್ಗೆ ಐಸ್‌ಫೋಗೆಲ್ ಕಾವಲಿಗೆ ನಿಂತಿತ್ತು. ಮಂಜಿನೊಳಗೆ ಹುಟ್ಟಿನ ಸದ್ದು ಕೇಳಿಸಿತು. ಯಾರು ಎಂದು ಕೂಗಿದರು, ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಫಿರಂಗಿ ಹಾರಿಸಿದರು. ಅದು ಸಂತೆಗೆ ಕೋಸುಗಡ್ಡೆ ತುಂಬಿಕೊಂಡು ಹೊರಟ ದೋಣಿ. ಹುಟ್ಟು ಹಾಕುತ್ತಿದ್ದವನು ಹುಟ್ಟುಕಿವುಡ. ಜೊತೆಗೆ ಅವನ ಮಗಳಿದ್ದಳು, ಅವಳು ನಿದ್ದೆ ಹೋಗಿದ್ದಿರಬೇಕು, ಇಲ್ಲದಿದ್ದರೆ ಅವಳಾದರೂ ಉತ್ತರ ಕೊಡುತ್ತಿದ್ದಳು. "ಇಡೀ ದಿನ ನಮ್ಮ ಹಳ್ಳಿಯ ಮುಂದೆ ಕೋಸುಗಡ್ಡೆ ತೇಲಿ ಬಂದವಂತೆ," ಎಂದಳು ಗುಡ್ರುನ್. "ಹಸಿದ ವರ್ಷ ಅದು. ಜನ ದಂಡೆಗೆ ಹೋಗಿ ನಿಂತರು. ಒಂದನ್ನೂ ಯಾರೂ ಎತ್ತಿಕೊಳ್ಳಲಿಲ್ಲ." ಅವಳ ಅಜ್ಜಿ ಕೋಸು ಹೆಚ್ಚುವ ಮೊದಲು ಒಂದು ಎಲೆ ಬಿಡಿಸಿ ನದಿಗೆ ಬಿಟ್ಟು ಬರುತ್ತಿದ್ದಳು. ಲೆಂಬಾಖ್‌ಗೆ ಇದನ್ನೆಲ್ಲ ಎರಡು ಸಲ ಹೇಳಿ ಆಗಿದೆ. ಯಾವ ಕಾಗದದಲ್ಲೂ ಇಲ್ಲ, ಹಳ್ಳಿಯವರ ಕಥೆಯನ್ನು ಇತಿಹಾಸ ಎಂದು ಬರೆಯಲಾಗುವುದಿಲ್ಲ ಎಂದರು ಅವರು. ಎರಡು ಬೇಸಿಗೆ ಅವಳು ಅದರ ತುಕ್ಕು ಬಿಡಿಸಿ ಬಿಡಿಸಿ ಹೊಳೆಯುವಂತೆ ಮಾಡಿದಳು, ಅದು ಅವಳ ಹೊಟ್ಟೆಪಾಡು. ಇವತ್ತು ಬೆಳಿಗ್ಗೆ ಬಾಗಿಲು ತೆರೆದಾಗ ಅದರ ಮೈಮೇಲೆ ರಕ್ತ ಕಂಡಿತು. ಯಾರೋ ನಮ್ಮ ಹಳ್ಳಿಯವರು, ಬೀಗ ಹೇಗೆ ತೆಗೆದರೋ, ಅವರಿಗೆ ಇರುವ ಧೈರ್ಯ ನನಗೆ ಇರಲಿಲ್ಲ ಎಂದುಕೊಂಡಳು. ಕೇಳಿದಾಗ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಕೆಲಸ ಹೋದರೆ ಹೋಗಲಿ, ಜೀವನದಲ್ಲಿ ಒಂದು ಸಲ ಸರಿಯಾದ ಕಡೆ ನಿಂತಂತಾಯಿತು ಎಂದಳು, ಹೇಳುವಾಗ ಅವಳ ಮುಖ ನಿಜವಾಗಿಯೂ ಹಗುರವಾಗಿತ್ತು.

ಮಹೇಶಕುಮಾರ ಮಂಜನ್ನು ನೋಡುತ್ತ ಕೂತ. ಅದರೊಳಗಿಂದ ಏನೋ ದುಂಡಗಿನದು ತೇಲಿ ಬರುತ್ತಿದೆ ಎನ್ನಿಸಿತು, ಹಸಿರಾಗಿ, ಒಂದರ ಹಿಂದೆ ಒಂದು. ಹತ್ತಿರ ಬಂದರೆ ಅದು ಅವನ ಸೊನ್ನೆ. ಹೇಳಬೇಡ ಎಂದು ಒಂದು ದನಿ ಹೇಳಿತು. ಈಗ ಹೇಳಿದರೆ ಕೆಲಸ ಕಳೆದುಕೊಂಡವಳ ಕೈಯಿಂದ ಅವಳಿಗೆ ಉಳಿದ ಒಂದೇ ಒಂದನ್ನೂ ಕಿತ್ತುಕೊಂಡಂತೆ. ಇದೇ ನೆಪವನ್ನು ತಾನು ಇಡೀ ಜನ್ಮ ಹಿಡಿದುಕೊಂಡು ಕೂರಬಲ್ಲೆ ಎಂದೂ ಗೊತ್ತಾಯಿತು, ಅಷ್ಟು ಅನುಕೂಲವಾದ ನೆಪ. ಅದಕ್ಕೇ ಹೇಳಿದ. ಅರ್ಧ ಜರ್ಮನ್, ಅರ್ಧ ಇಂಗ್ಲಿಷಿನಲ್ಲಿ, ನಿನ್ನೆ ಸಂಜೆಯಿಂದ ಶುರುಮಾಡಿ. ಅದು ಬಣ್ಣವಲ್ಲ, ಕುಂಕುಮ, ನಮ್ಮ ಹೆಂಗಸರು ಹಣೆಗೆ ಇಡುವಂಥದ್ದು. ಬೂದಿ ಎಂದರೆ ವಿಭೂತಿ. ಹೂ ಎಲ್ಲಿಯೂ ನಿಲ್ಲಲಿಲ್ಲ ಎಂದು ಬಾಯಲ್ಲಿ ಇಟ್ಟೆ. ವರ್ಷಕ್ಕೊಮ್ಮೆ ನಾವು ನಮ್ಮ ಆಯುಧಗಳಿಗೆ, ಯಂತ್ರಗಳಿಗೆ ಹೀಗೆ ಮಾಡುತ್ತೇವೆ. ಗುಡ್ರುನ್ ಸೇಬು ಹೆಚ್ಚುವ ಚಾಕುವನ್ನು ಮಡಚಿದಳು. ಮಾಡುವುದು ಯಾಕೆ ಎಂದು ಕೇಳಿದಳು. ಗೌರವಕ್ಕೆ ಎಂದ. ಆ ಪದ ಬಾಯಿಂದ ಬಿದ್ದ ಮೇಲೆ ಅದು ಅವಳಿಗೆ ಹೇಗೆ ಕೇಳಿಸಿತೆಂದು ತಿಳಿಯಿತು.

"ಆ ಫಿರಂಗಿಗೆ ಗೌರವವೇ?" ಎಂದಳು.

ಅವಳ ದನಿ ಏರಲಿಲ್ಲ. ಆದರೆ ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳು ಅವನನ್ನು ಟ್ರಾಮಿನ ಆ ಹೆಂಗಸು ನೋಡಿದಂತೆ ನೋಡಿದಳು. ಎದ್ದು ಮೆಟ್ಟಿಲು ಇಳಿದು ನೀರಿನ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತಳು. ಅದು ಹಾರಿಸಿಯೇ ಇಲ್ಲ ಎಂದುಕೊಂಡಿದ್ದೆ, ಹಾರಿಸಿಲ್ಲವೆಂದೇ ಹಚ್ಚಿದೆ ಎಂದು ಅವನು ಆ ಬೆನ್ನಿಗೆ ಹೇಳಿದ. ಹೇಳುತ್ತಿದ್ದಂತೆ, ಕರೆಯದೆ, ಅಪ್ಪನ ಬಂದೂಕಿನ ಕೋಣೆ ಬಂದಿತು. ಅಪ್ಪ ಚನ್ನಮಲ್ಲಪ್ಪ ರಿಸರ್ವ್ ಪೊಲೀಸಿನಲ್ಲಿ ಬಂದೂಕು ರಿಪೇರಿ ಮಾಡುವವನು. ಕೈಯಲ್ಲಿ ಯಾವಾಗಲೂ ಎಣ್ಣೆ ವಾಸನೆ, ಅದೇ ಕೈಯಿಂದ ಕಲಸಿದ ಅನ್ನದಲ್ಲೂ. ಖಂಡೇಪೂಜೆಯ ದಿನ ಕಂಬಳಿ ಹಾಸಿ ಬಂದೂಕುಗಳನ್ನೆಲ್ಲ ಸಾಲಾಗಿ ಮಲಗಿಸುತ್ತಿದ್ದ, ಅವ್ವ ಕೂಸುಗಳನ್ನು ಮಲಗಿಸುವಷ್ಟು ನಾಜೂಕಾಗಿ. ಮಹೇಶಕುಮಾರ ಕುಂಕುಮದ ಭರಣಿ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದ. ಒಂದು ವರ್ಷ ಪಕ್ಕದ ತಾಲೂಕಿನಲ್ಲಿ ಏನೋ ಗಲಾಟೆಯಾಗಿ, ಗೋಲಿಬಾರೂ ಆಗಿ, ಬಂದೂಕುಗಳು ಹೊರಗೆ ಹೋಗಿ ಬಂದಿದ್ದವು. ಆ ಸಲ ಅಪ್ಪ ಸಾಲಿನ ನಡುವೆ ಒಂದರ ಮುಂದೆ ನಿಂತುಬಿಟ್ಟ. ವಿಭೂತಿ ಎಳೆದ. ಕುಂಕುಮಕ್ಕೆ ಕೈ ಚಾಚಲಿಲ್ಲ. ಇವನು ಭರಣಿ ಮುಂದೆ ಮಾಡಿದಾಗ ಅಪ್ಪ ತಲೆಯೆತ್ತದೆ, "ಬ್ಯಾಡ. ಇದು ತನ್ನ ಕುಂಕುಮಾ ತಾನ ಹಚ್ಚಿಕೊಂಡು ಬಂದೈತಿ," ಎಂದ. ಆ ಮಾತು ಆಗ ಅರ್ಥವಾಗಿರಲಿಲ್ಲ. ಅಪ್ಪನಿಗೆ ಬಂದೂಕಿನ ಮುಂದೆ ಬಂದ ಕಣ್ಣೀರು ನೋಡಿ ಇವನಿಗೆ ಅವಮಾನವಾಗಿತ್ತು, ಬೇರೆ ಪೊಲೀಸರು ನೋಡುತ್ತಿದ್ದರು. ಇದೆಲ್ಲವನ್ನೂ ಗುಡ್ರುನ್‌ಗೆ ಹೇಳಿದನೋ, ತನಗೇ ಹೇಳಿಕೊಂಡನೋ. ಹೇಳಿರಬೇಕು, ಯಾಕೆಂದರೆ ಅವಳು ತಿರುಗಿ ನಿಂತಿದ್ದಳು. ಹಾಗಾದರೆ ಇದಕ್ಕೆ ನಿನ್ನ ಅಪ್ಪ ಏನು ಮಾಡುತ್ತಿದ್ದ ಎಂದು ಕೇಳಿದಳು.

ಲೆಂಬಾಖ್‌ರ ಕೋಣೆಗೆ ಅವನು ಒಬ್ಬನೇ ಹೋದ. ಬಾಗಿಲ ಬಳಿ ಒಂದು ಸಲ ಕೀರ್ತಿಯ ಮುಖ ಕಣ್ಣ ಮುಂದೆ ಬಂತು, ಅವಳು ಚಹಾ ಬಸಿ ಹಿಡಿದು ನೋಡುತ್ತಿದ್ದಳು. ಹೇಳಿದ. ಅವರು ಕನ್ನಡಕ ತೆಗೆದು ಕೇಳಿಸಿಕೊಂಡು, ನಕ್ಕು, ಹೆರ್ ಕುಮಾರ್, ನಿಮ್ಮ ಜನರ ಮನಸ್ಸು ಮೃದು ಎಂದು ನನಗೆ ಗೊತ್ತು, ಸಹೋದ್ಯೋಗಿಯನ್ನು ಉಳಿಸಲು ನೋಡುತ್ತಿದ್ದೀರಿ, ಆದರೆ ಆಕೆ ಒಪ್ಪಿಕೊಂಡಾಗಿದೆ ಎಂದರು. ನಾನು ಮಾಡಿದ್ದು ಎಂದ ಮತ್ತೆ. ಅವರು ತಮ್ಮ ಕಾಗದಗಳ ಕಡೆಗೆ ತಿರುಗಿದ್ದರು. ಎದುರು ಕೂತವರು ಮಾತು ಮುಗಿಯಿತು ಎಂದು ಹೀಗೆ ತಿಳಿಸುವುದನ್ನು ಅವನು ಬಲ್ಲ, ವೀಸಾ ಕಚೇರಿಯಲ್ಲಿ, ಬಾಡಿಗೆ ಮನೆ ಹುಡುಕುವಾಗ, ಎಷ್ಟೋ ಸಲ ಹೀಗೆ ಎದ್ದು ಬಂದಿದ್ದಾನೆ. ಈ ಸಲ ಏಳಲಿಲ್ಲ. ದಯವಿಟ್ಟು ಕೆಳಗೆ ಬನ್ನಿ ಎಂದ. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು. ಅವರೂ ಆ ದನಿಗೆ ಬೆಚ್ಚಿದವರಂತೆ ಎದ್ದು ಬಂದರು.

ಫಿರಂಗಿಯ ಮುಂದೆ ನಿಂತು ಮಹೇಶಕುಮಾರ ಬಲಗೈಯ ಮೂರು ಬೆರಳನ್ನು ವಿಭೂತಿಯ ಗೆರೆಗಳ ಮೇಲೆ ಇಟ್ಟು, ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದ. ಒಣಗಿದ ಗೆರೆಗಳ ಮೇಲೆ ಬೆರಳುಗಳು ಒಂದಿಷ್ಟೂ ಆಚೀಚೆ ಆಗದೆ ಹೋದವು. ಕೊನೆಗೆ ಬಂದಾಗ ಸೊಟ್ಟ ನಡುಬೆರಳು ತಾನಾಗಿ ಮೇಲಕ್ಕೆ ಹೊರಳಿತು, ಅದರಡಿಯ ನಡುಗೆರೆ ಹೊರಳಿದ ಕಡೆಗೇ. ಲೆಂಬಾಖ್ ಬಗ್ಗಿ ನೋಡಿದರು. ಅವರ ಮುಖದಿಂದ ಆ ದಯೆ ಇಳಿದು ಹೋದದ್ದು ಮಹೇಶಕುಮಾರನಿಗೆ ಕಂಡಿತು, ಅದರ ಜಾಗದಲ್ಲಿ ಸಿಟ್ಟು ಬಂತು, ಸಿಟ್ಟಿನ ಜೊತೆಗೆ ಇವನನ್ನು ಮೊದಲ ಸಲ ನೋಡುತ್ತಿರುವ ಒಂದು ನೋಟವೂ ಬಂತು. ಅಂದರೆ ಇದು ಪ್ರತಿಭಟನೆಯಲ್ಲ ಎಂದರು. ನಿನ್ನೆ ಆಗಿರಲಿಲ್ಲ ಎಂದ ಮಹೇಶಕುಮಾರ. ಜೇಬಿನಿಂದ ಕರವಸ್ತ್ರ ತೆಗೆದು ಕುಂಕುಮ ಒರೆಸತೊಡಗಿದ. ಮುಟ್ಟಬೇಡಿ ಎಂದು ಅವರು ಒಮ್ಮೆ ಹೇಳಿದರು, ಇವನು ನಿಲ್ಲಿಸಲಿಲ್ಲ. ಬೊಟ್ಟು, ಇಳಿದ ಧಾರೆ, ಬಾಯಿಯ ಅಂಚು, ಎಲ್ಲವನ್ನೂ ಒರೆಸಿದ, ಹೂ ತೆಗೆದ, ವಿಭೂತಿಯ ಮೂರು ಗೆರೆಗಳನ್ನು ಮಾತ್ರ ಬಿಟ್ಟ. ನಿಂಬೆರಸ ಬಿದ್ದ ಕಡೆ, ಗುಡ್ರುನ್ ಎರಡು ಬೇಸಿಗೆ ಉಜ್ಜಿದ ಕಬ್ಬಿಣದ ಮೇಲೆ, ಅಂಗೈಯಗಲ ಕಪ್ಪು ಕಲೆ ಎದ್ದಿತ್ತು, ಅದು ಬಿಡಲಿಲ್ಲ. ಬಾಗಿಲಲ್ಲಿ ಗುಡ್ರುನ್ ನಿಂತಿದ್ದಳು. ಅವಳು ಬಂದು ಆ ಕಲೆಯ ಮೇಲೆ ಬೆರಳಾಡಿಸಿ, ಇದನ್ನು ತೆಗೆಯಬಹುದು ಎಂದಳು. ಕೈ ಹಿಂದಕ್ಕೆ ಎಳೆದುಕೊಂಡು, ನಾನು ತೆಗೆಯುವುದಿಲ್ಲ ಎಂದಳು. ಲೆಂಬಾಖ್ ಇಬ್ಬರನ್ನೂ ನೋಡಿ, ನೀವು ಕೆಲಸ ಬಿಡಬೇಕಾಗಿಲ್ಲ ಎಂದು ಅವಳಿಗೆ ಹೇಳಿದರು, ಇವನಿಗೆ ಕಂಪನಿಗೆ ಈಗಲೇ ತಿಳಿಸಬೇಕಾಗುತ್ತದೆ ಎಂದರು. ಮೇಲೆ ಹೋಗಿ ಅವರು ಫೋನಿನಲ್ಲಿ ಮಾತಾಡುವುದು ಹಲಗೆಯ ಅಟ್ಟದಿಂದ ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಮಹೇಶಕುಮಾರ ತನ್ನ ಮೇಜಿಗೆ ಹೋಗಿ ಸೊನ್ನೆ ಅಳಿಸಿ ಒಂದು ಎಂದು ಬರೆದ. ಸೋಮವಾರ ಬರುವವನು ಯಾರೋ ಅದನ್ನು ತಿದ್ದಬಹುದು. ಗುಡ್ರುನ್ ಅವನ ಹಿಂದೆ ನಿಂತು ಪರದೆಯ ಮೇಲಿನ ನದಿಯಲ್ಲಿ ದೋಣಿ ಹೋಗುವುದನ್ನು ನೋಡಿದಳು, ಕಡವಿಗೆ ಬಂದು, ಮಂಜಿನಲ್ಲಿ ನಿಂತು, ಮುಂದೆ ಹೋಗುವ ತನಕ. ಕೈ ಕುಲುಕಲಿಲ್ಲ. ಅವನು ತಿನ್ನದೆ ಮೇಜಿನ ಮೇಲೆ ಇಟ್ಟಿದ್ದ ಅರ್ಧ ಸೇಬನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೀರ್ತಿ ಹೊಸ ಸೀರೆ ಉಟ್ಟಿದ್ದಳು. ಬನ್ನಿ ಎಲ್ಲಿ ಸಿಗಬೇಕು ಇಲ್ಲಿ. ಕೆಳಗಿನ ಅಂಗಳದಲ್ಲಿ ಹೆಸರು ಗೊತ್ತಿಲ್ಲದ ಮರದಿಂದ ಉದುರಿದ ಎಲೆಗಳನ್ನು ಆರಿಸಿ ತಟ್ಟೆಯಲ್ಲಿ ಇಟ್ಟಿದ್ದಳು, ನಮ್ಮ ಬನ್ನಿ ಹಸಿರು, ಇಲ್ಲಿಯ ಎಲೆ ಖರೇನ ಬಂಗಾರದ ಬಣ್ಣ ಎಂದು ಆಗಲೇ ಖುಷಿಯಾಗಿ ಹೇಳಿದಳು. ಅವನು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು, ಕಂಪನಿಗೆ ಫೋನು ಹೋಗಿದೆ, ಬಹುಶಃ ಊರಿಗೆ ಹೋಗಬೇಕಾಗುತ್ತದೆ ಎಂದ. ಅವಳು ತಟ್ಟೆ ಹಿಡಿದಂತೆಯೇ ನಿಂತಳು. ಹೊಟ್ಟೆಯ ಮೇಲೆ ಒಂದು ಕೈ ಹೋಯಿತು. ಒಂದು ಎಲೆ ತೆಗೆದು ಅವನ ಅಂಗೈಯಲ್ಲಿ ಇಟ್ಟಳು.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ," ಎಂದಳು. ಕಾಲಿಗೆ ಬಗ್ಗಲು ಹೋಗಿ, ಹೊಟ್ಟೆ ತಡೆದು, ಅರ್ಧಕ್ಕೇ ನಿಂತು ಅವನ ತೋಳು ಹಿಡಿದಳು. ಅಲ್ಲೇ ಅವಳ ಕಣ್ಣು ಅಂಗಿಯ ಮುಂಗೈಗೆ ಬಿತ್ತು.

"ಇದೇನ್ರಿ, ಬಿಳೀ ಅಂಗಿಗೆ ಕುಂಕುಮಾ ಹತ್ತೇತಲ್ಲ. ಬಿಚ್ಚಿ ಕೊಡ್ರಿ, ತೊಳೀತೀನಿ. ಈಗ ತೊಳದ್ರ ಹೋಗತದ."

ಅವನು ಮುಂಗೈಯ ಕಡೆ ನೋಡಿದ.

"ಅದು ಕುಂಕುಮ ಅಲ್ಲ ಕೀರ್ತಿ," ಎಂದ. "ಹೋಗೂದಿಲ್ಲ."